ಊದಿ ಆರಿಸಿದ ಮುಟಗಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ಯಾರಾದರೂ ನನ್ನನ್ನು ಪಾಪದವಳು ಎಂದುಕೊಂಡಾರು. ಚಿಕ್ಕವಳಿದ್ದಾಗ ತಂಗಿಗೆ ಹೊಸ ರಿಬ್ಬನ್ ತಂದರೆ ಎರಡು ಹೊತ್ತು ಊಟ ಬಿಡುತ್ತಿದ್ದೆ. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ಹೊಟ್ಟೆ ಉರಿಸಿಕೊಳ್ಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ, ಒಂದಷ್ಟು ವರ್ಷ ಆರಾಮಾಗಿದ್ದೆ. ಆಮೇಲೆ ಮೈದುನನ ಮದುವೆಯಾಯಿತು, ಮನೆಗೆ ನೆಗೆಣ್ಣಿ ಬಂದಳು.

ಆಕೆ ಧಾರವಾಡದವಳು. ಅಲ್ಲಿಯೇ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಮದುವೆಯಾದ ಮೇಲೆ ದಿನಾ ಮುಂಜಾನೆ ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಹೋಗಿ, ಸಂಜೆ ಬಸ್ಸು ಹಿಡಿದು ಬರುತ್ತಿದ್ದಳು. ಆಕೆಯ ಬಾಯಲ್ಲಿ ‘ರಿ’ ಇಲ್ಲದ ಮಾತೇ ಇಲ್ಲ. ಕಾಯಿಪಲ್ಲೆ ಮಾರುವವಳಿಗೂ ರಿ, ಕಸದ ಗಾಡಿಯವನಿಗೂ ರಿ, ಹಾಲಿಗೆ ಬಾಯಿ ಹಾಕಲು ಬಂದ ಬೆಕ್ಕಿಗೂ "ಹೋಗ್ರಿ ಅತ್ತಾಗ." ನಮ್ಮ ಅತ್ತೆ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. "ನಮ್ಮ ಸಣ್ಣ ಸೊಸಿ ಮಾತ ಕೇಳಬೇಕ್ರಿ, ಕೇಳಕೋತ ಕುಂತ್ರ ಹೊತ್ತ ಹೋಗಿದ್ದ ಗೊತ್ತಾಗೂದಿಲ್ಲ." ಅದೇ ಕಟ್ಟೆಯ ಹಿಂದಿನ ಪಡಸಾಲೆಯಲ್ಲಿ ದೊಡ್ಡ ಸೊಸೆಯಾದ ನಾನು ಮಶಿನ್ ತುಳಿಯುತ್ತ ಕೂತಿರುತ್ತಿದ್ದೆ. ಬ್ಲೌಸ್ ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು ನನ್ನ ಕೆಲಸ. ನನ್ನ ಮಾತು ಕೇಳಿ ಯಾರ ಹೊತ್ತೂ ಹೋದದ್ದು ನನಗೆ ನೆನಪಿಲ್ಲ.

ಇಷ್ಟನ್ನೆಲ್ಲ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಆಕೆ ನನ್ನ ಮಗಳನ್ನು ತೆಗೆದುಕೊಂಡಳು. ತೆಗೆದುಕೊಂಡಳು ಎನ್ನುವುದು ತಪ್ಪು, ನನಗೆ ಗೊತ್ತು. ಆಗ ನನಗೆ ಅದು ಹಾಗೆಯೇ ಕಂಡಿತು.

ದೊಡ್ಡ ಬೇನೆಯ ಎರಡನೆಯ ವರ್ಷದ ಬೇಸಿಗೆಯಲ್ಲಿ, ಜನ ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆಗಾಗಿ ಕಾಯುತ್ತಿದ್ದ ದಿನಗಳಲ್ಲಿ, ನಮ್ಮ ಮನೆಯಲ್ಲಿ ಅದು ಬಂದದ್ದು ನನಗೊಬ್ಬಳಿಗೇ. ಮೇಲೆ ತಗಡಿನ ಮಾಡಿನ ಒಂದು ಖೋಲಿಯಿತ್ತು. ಹಳೆಯ ಗಾದಿ, ಖಾಲಿ ಡಬ್ಬಿಗಳನ್ನು ಇಡುವ ಜಾಗ. ಅಲ್ಲಿ ನನ್ನನ್ನು ಮಲಗಿಸಿದರು. ಊಟದ ತಾಟನ್ನು ಮೆಟ್ಟಿಲ ಮೇಲಿಟ್ಟು ಇಳಿದುಹೋಗುತ್ತಿದ್ದರು. ಹದಿನೇಳು ದಿನ ನಾನು ಯಾರ ಮುಖವನ್ನೂ ಹತ್ತಿರದಿಂದ ನೋಡಲಿಲ್ಲ. ಮಗಳಿಗೆ ಆಗ ಐದು ಮುಗಿದು ಆರು ನಡೆಯುತ್ತಿತ್ತು.

ಮೊದಲೆರಡು ದಿನ ಆಕೆ ಮೆಟ್ಟಿಲ ಬುಡದಲ್ಲಿ ಕೂತು ಅತ್ತಳು. ಮೂರನೆಯ ದಿನ ಅಳು ಕಡಿಮೆಯಾಯಿತು. ನಾಲ್ಕನೆಯ ದಿನ ಕೆಳಗಿನಿಂದ ನಗು ಕೇಳಿಸಿತು. ಅತ್ತಾಗ ಕರುಳು ಕಿತ್ತುಬಂದಿತ್ತು, ನಕ್ಕಾಗ ಅದಕ್ಕಿಂತ ಹೆಚ್ಚು ಕಿತ್ತುಬಂತು. ಶಾಲೆಗೆ ರಜೆ ಇದ್ದದ್ದರಿಂದ ನೆಗೆಣ್ಣಿ ಇಡೀ ದಿನ ಮನೆಯಲ್ಲೇ ಇದ್ದಳು. ಹುಣಸೆ ಬೀಜ ಎಣಿಸುತ್ತ ಕೂಡಿಸುವುದು, ಕಳೆಯುವುದು ಎಲ್ಲ ಹೇಳಿಕೊಡುತ್ತಿದ್ದಳು. ಜ್ವರದಲ್ಲಿ ಮಲಗಿದ ನಾನು ಮೇಲಿನಿಂದ ಆ ಲೆಕ್ಕಗಳನ್ನೆಲ್ಲ ಕೇಳಿ ಹಲ್ಲು ಕಡಿಯುತ್ತಿದ್ದೆ.

ಆರಾಮಾಗಿ ಕೆಳಗಿಳಿದ ದಿನ ಮಗಳು ಓಡಿ ಬರುತ್ತಾಳೆ ಎಂದುಕೊಂಡಿದ್ದೆ. ಆಕೆ ಚಿಗವ್ವನ ಸೀರೆಯ ಹಿಂದೆ ನಿಂತು ನನ್ನನ್ನು ನೋಡಿದಳು.

"ಹೋಗು ಬಂಗಾರ, ಅವ್ವ ಬಂದಾಳ ನೋಡು," ಎಂದು ನೆಗೆಣ್ಣಿ ಮುಂದೆ ತಳ್ಳಿದಳು.

ಮಗಳು ಬಂದಳು. ಎತ್ತಿಕೊಂಡೆ. ಮೂಗು ಮುರಿದಳು. "ನಿನ್ನ ಮೈ ಗುಳಿಗಿ ವಾಸನಿ ಬರತೈತಿ," ಎಂದಳು.

ಅಂದಿನಿಂದ ಎಲ್ಲದಕ್ಕೂ ಚಿಗವ್ವ. ಜಡೆ ಚಿಗವ್ವ ಹೆಣೆಯಬೇಕು, ನಾನು ಹೆಣೆದರೆ ಬಿಗಿ. ಸ್ನಾನಕ್ಕೆ ಚಿಗವ್ವ ನೀರು ಹಾಕಬೇಕು, ನಾನು ಹಾಕಿದರೆ ಬಿಸಿ. ಮಲಗುವುದೂ ಚಿಗವ್ವನ ಹತ್ತಿರ. ಗ್ರಾಹಕರ ಬ್ಲೌಸಿನಲ್ಲಿ ಉಳಿದ ತುಂಡು ಕೂಡಿಸಿ ಮಗಳಿಗೆ ಫ್ರಾಕ್ ಹೊಲಿದೆ. ಹಾಕಿಕೊಂಡಳು, ಹಾಕಿಕೊಂಡು ಚಿಗವ್ವನಿಗೆ ತೋರಿಸಲು ಓಡಿದಳು. ಮಕ್ಕಳ ಮೇಲೆ ಅಷ್ಟು ಪ್ರೀತಿಯಿದ್ದರೆ ತಾನೊಂದು ಹಡೆಯಬಾರದೇ ಎಂದು ಮನಸ್ಸಿನಲ್ಲಿ ಅಂದೆ. ಅಂದದ್ದಕ್ಕೆ ಇವತ್ತಿಗೂ ನಾಚಿಕೆಯಿದೆ. ಆದರೆ ಅಂದದ್ದು ಖರೆ.

ಮಗಳನ್ನು ಮರಳಿ ನನ್ನ ಕಡೆ ಎಳೆದುಕೊಳ್ಳಲು ನನ್ನ ಹತ್ತಿರ ಉಳಿದದ್ದು ಒಂದೇ, ಮುಟಗಿ. ಜೋಳದ ರೊಟ್ಟಿಯನ್ನು ದಪ್ಪಗೆ ಬಡಿದು, ಹಂಚಿನಿಂದ ಇಳಿಸಿದ ಕೂಡಲೇ ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿ, ತುಪ್ಪ ಬಿಟ್ಟು, ಬಿಸಿ ಬಿಸಿ ಇರುವಾಗಲೇ ಮುಷ್ಟಿಯಲ್ಲಿ ಹಿಚುಕಿ ಉಂಡೆ ಮಾಡಬೇಕು. ಕೈ ಸುಡುತ್ತದೆ. ಸುಟ್ಟುಕೊಳ್ಳಲು ಹೆದರುವವರಿಂದ ಮುಟಗಿ ಆಗುವುದಿಲ್ಲ, ನೆಗೆಣ್ಣಿಯಿಂದ ಆಗುತ್ತಿರಲಿಲ್ಲ. ನಮ್ಮ ಅತ್ತೆ ನಡೆಸಿಕೊಂಡು ಬಂದ ಪದ್ಧತಿಯೆಂದರೆ, ಮುಂಜಾನೆಯ ಮುಟಗಿ ಒಂದೇ ತಾಟಿನಲ್ಲಿ ಇರಬೇಕು. ಮನೆಯ ಮಂದಿಯೆಲ್ಲ ಸುತ್ತ ಕೂತು ಅದೇ ಉಂಡೆಯಿಂದ ಮುರಿದು ತಿನ್ನಬೇಕು. ಹಾಗೆ ತಿಂದವರು ಬೇರೆಯಾಗುವುದಿಲ್ಲ ಎಂದು ಅವರ ನಂಬಿಕೆ. ಮಗಳಿಗೆ ಖಾರವಿಲ್ಲದ ಸಣ್ಣ ಮುಟಗಿ ಬೇರೆ ಕಟ್ಟಿ, ಅದನ್ನು ಮುರಿದು, ಊದಿ ಊದಿ ಆರಿಸಿ, ಬಾಯಿಗೆ ಇಡುತ್ತಿದ್ದೆ. ಆ ಹೊತ್ತಿನಲ್ಲಿ ಮಾತ್ರ ಆಕೆ ನನ್ನ ತೊಡೆಯ ಮೇಲೆ ಇರುತ್ತಿದ್ದಳು.

ನೆಗೆಣ್ಣಿ ಮಾತ್ರ ಸುತ್ತ ಕೂಡುತ್ತಿರಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆಂದು, ತಾಟು ಹೊರಗೆ ಬರುವ ಮೊದಲೇ ಒಲೆಯ ಹತ್ತಿರದಿಂದ ತನ್ನ ಪಾಲನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಇದನ್ನು ನಾನು ಬಿಡುತ್ತೇನೆಯೇ. "ಒಂದ ತಾಟಿನ್ಯಾಗ ಉಣ್ಣಾಕ ಬರೂದಿಲ್ಲ ಆಕಿಗೆ, ದೊಡ್ಡ ಮಂದಿ," ಎಂದು ಅತ್ತೆಯ ಕಿವಿಗೆ ಬೀಳುವಂತೆ ಎತ್ತಿ ಆಡುತ್ತಿದ್ದೆ.

ಚಳಿಗಾಲ ಬರುವ ಹೊತ್ತಿಗೆ ಮಗಳು ಅರ್ಧ ನನ್ನವಳಾಗಿದ್ದಳು. ಒಂದು ದಿನ ಚಿಗವ್ವನ ಹತ್ತಿರ ಮಲಗಿದರೆ ಒಂದು ದಿನ ನನ್ನ ಹತ್ತಿರ. ಇನ್ನೊಂದು ತಿಂಗಳು ಹೀಗೇ ನಡೆದರೆ ಪೂರ್ತಿ ಬರುತ್ತಾಳೆ ಎಂದು ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಅಷ್ಟರಲ್ಲಿ ಸಂಕ್ರಮಣದ ಮುಂದೆ ಮದುವೆಮನೆಯ ಹೆಂಗಸೊಬ್ಬಳು ಬ್ಲೌಸಿನ ಅಳತೆ ಕೊಡಲು ಬಂದಳು. ಮಾಸ್ಕು ಗದ್ದದ ಮೇಲಿತ್ತು. ಕೊರಳು, ಭುಜ, ತೋಳಿನ ಅಳತೆ ತೆಗೆಯುವಾಗ ಮುಖಕ್ಕೂ ಮುಖಕ್ಕೂ ಗೇಣು ಅಂತರ ಇರುವುದಿಲ್ಲ. ಆಕೆ ಎರಡು ಸಲ ಕೆಮ್ಮಿದಳು.

"ಧೂಳ ಆಗಿ ಬರೂದಿಲ್ರಿ ನಂಗ," ಎಂದಳು.

ನಾನೂ ನಂಬಿದೆ. ಮೂರನೆಯ ದಿನ ಮುಂಜಾನೆ ಎದ್ದರೆ ಗಂಟಲಲ್ಲಿ ಕೆರೆತ.

ಆಗ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಬೇನೆ ಮತ್ತೆ ಬಂದಿದೆ, ಆದರೆ ಇದು ಬೇರೆ ತಳಿಯಂತೆ, ನೆಗಡಿಯ ಹಾಗೆ ಬಂದು ಹೋಗುತ್ತದಂತೆ. ನಾನು ಹೆದರಿದೆ. ಬೇನೆಗಲ್ಲ. ಬಾಯಿ ಬಿಟ್ಟರೆ ಮತ್ತೆ ಮೇಲಿನ ಖೋಲಿ, ಮತ್ತೆ ಮೆಟ್ಟಿಲ ಮೇಲಿನ ತಾಟು, ಕೆಳಗೆ ಮತ್ತೆ ಹುಣಸೆ ಬೀಜದ ಲೆಕ್ಕ. ಗಳಿಸಿದ್ದೆಲ್ಲ ಹೋಗುತ್ತದೆ. ಹೋದ ಸಲ ನನಗೆ ಅಷ್ಟು ಜೋರಾಗಿ ಬಂದರೂ ಮನೆಯಲ್ಲಿ ಒಬ್ಬರಿಗೂ ಹತ್ತಿರಲಿಲ್ಲವಲ್ಲ, ಈ ಕೆರೆತದಿಂದ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹೋದ ಸಲ ಯಾರಿಗೂ ಹತ್ತದಿದ್ದದ್ದು ನಾನು ಮೇಲೆ ಹೋಗಿ ಕೂತದ್ದರಿಂದ ಎಂಬುದನ್ನು ಬೇಕೆಂದೇ ಮರೆತೆ.

ಹಿತ್ತಲ ಬಾಗಿಲಲ್ಲಿ ನಿಂತು ಅರಿಶಿಣ, ಮೆಣಸು ಹಾಕಿದ ಹಾಲು ಕುಡಿಯುತ್ತಿದ್ದೆ. ಮಗಳು ಬಂದು ನೋಡಿದಳು.

"ಯಾಕವ್ವಾ, ಆರಾಮಿಲ್ಲೇನ?"

"ಅರಿವಿ ಧೂಳ ಗಂಟ್ಲಾಗ ಹೋಗೈತಿ. ಯಾರ ಮುಂದನೂ ಹೇಳಬ್ಯಾಡ ಹಾಂ."

ಅಂದೂ ಮುಟಗಿ ಮಾಡಿದೆ, ಮರುದಿನವೂ ಮಾಡಿದೆ. ತಾಟಿನ ಸುತ್ತ ಅತ್ತೆ, ನನ್ನ ಗಂಡ, ಮೈದುನ, ನಾನು. ಬಾಗಿಲು ಹಾಕಿದ ಅಡುಗೆಮನೆ, ಹೊರಗೆ ಚಳಿ, ಎಲ್ಲರೂ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತಿದ್ದೆವು. ಮಗಳಿಗೆ ಊದಿ ಊದಿ ತಿನ್ನಿಸಿದೆ. ಅಷ್ಟು ಪ್ರೀತಿಯಿಂದ ಎಂದೂ ಊದಿರಲಿಲ್ಲ.

ಮೂರನೆಯ ದಿನ ಮಗಳಿಗೆ ಜ್ವರ. ಅದೇ ದಿನ ಸಂಜೆ ಗಂಡನಿಗೆ ಮೈಕೈ ನೋವು. ಮರುದಿನ ಮೈದುನ, ಅದರ ಮರುದಿನ ಅತ್ತೆ. ಒಂದು ವಾರದಲ್ಲಿ ಮನೆಯಲ್ಲಿ ನೆಟ್ಟಗೆ ನಿಂತವಳು ನೆಗೆಣ್ಣಿ ಒಬ್ಬಳೇ. ಎಲ್ಲರ ಮೂಗಿಗೆ ಕಡ್ಡಿ ಹಾಕಿ ನೋಡಿದರು. ಐದೂ ಜನರಿಗೆ ಇದೆ, ಆಕೆಗಿಲ್ಲ. ಆ ಸುದ್ದಿ ಕೇಳಿದಾಗಲೂ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಬೇನೆಯೂ ಆಕೆಗೆ ‘ರಿ’ ಹಚ್ಚಿ ದೂರ ನಿಂತಿತೇ ಎಂದೆ.

ಓಣಿಯ ಡಾಕ್ಟರು ಬಾಗಿಲಲ್ಲೇ ನಿಂತು ಹೇಳಿದರು. "ಈ ತಳಿ ಹಂಗೈತ್ರಿ. ಹೋದ ಸಲದ್ದು ಒಬ್ಬರನ್ನ ಹಿಡದು ಹಿಂಡತಿತ್ತು. ಇದು ಹಗೂರ ಹಿಡೀತೈತಿ, ಆದ್ರ ಮನಿಯೊಳಗ ಯಾರನ್ನೂ ಬಿಡೂದಿಲ್ಲ. ಜ್ವರ ಬರೂತನಕಾನೂ ಕಾಯೂದಿಲ್ಲ. ಬರೇ ಗಂಟ್ಲ ಕೆರಿಯೂ ಮುಂದನ ಮನಿಮಂದಿಗೆಲ್ಲ ಹಂಚಿಬಿಟ್ಟಿರತೈತಿ. ಮೊದಲ ಯಾರಿಗೆ ಸುರು ಆತ್ರಿ?"

ನಾನು ನೆಲ ನೋಡಿದೆ. ಅತ್ತೆ ಕಂಬಳಿಯೊಳಗಿಂದ ಹೇಳಿದರು. "ಸುರು ಹುಡುಗಿಗೆ ಆತು. ಆದ್ರ ತಂದಾಕಿ ಸಣ್ಣಾಕಿ, ತನಗ ಹತ್ತದಿದ್ರೂ. ದಿನಾ ಬಸ್ಸಿನ್ಯಾಗ ಅಡ್ಡಾಡಾಕಿ ಆಕಿನ."

ಗಂಡ ದಿನವಿಡೀ ಹೋಲ್‌ಸೇಲ್ ಅಂಗಡಿಯ ಗಲಾಟೆಯಲ್ಲಿ ನಿಲ್ಲುವವರು. ಮೈದುನ ಗ್ಯಾರೇಜಿನಲ್ಲಿ ಹತ್ತು ಜನರ ನಡುವೆ ಕೆಲಸ ಮಾಡುವವನು. ಅವರಿಬ್ಬರ ಹೆಸರು ಯಾರ ಬಾಯಿಗೂ ಬರಲಿಲ್ಲ. ಹೊರಗೆ ಅಡ್ಡಾಡುವವಳು ಎಂದರೆ ಆಕೆ ಒಬ್ಬಳೇ. ಅದು ನನಗೆ ಗೊತ್ತಾಗುತ್ತಿತ್ತು. ಸುಮ್ಮನಿದ್ದರೂ ಆಗುತ್ತಿತ್ತು. ಸುಮ್ಮನಿರಲಿಲ್ಲ.

"ಹೌದ ನೋಡ್ರಿ ಅತ್ತೀ. ನಾನರ ಮನಿ ಬಿಟ್ಟು ಎಲ್ಲಿಗೆ ಹೋಗೇನಿ?" ಎಂದೆ.

ಹೇಳಿ ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ನೆಗೆಣ್ಣಿ ನಿಂತಿದ್ದಳು. ಎರಡು ಮಾಸ್ಕು ಹಾಕಿದ್ದಳು, ಕೈಯಲ್ಲಿ ನಮಗೆಲ್ಲ ಕಾಯಿಸಿದ ಗಂಜಿ. ಕಣ್ಣು ಮಾತ್ರ ಕಾಣುತ್ತಿತ್ತು. ಗಂಜಿ ಇಟ್ಟು ಹೋದಳು.

ಅಂದಿನಿಂದ ಮೇಲಿನ ತಗಡಿನ ಖೋಲಿಗೆ ಆಕೆ ತಾನೇ ಹೋದಳು, ಬೇನೆಯಿಲ್ಲದವಳು. ಇಳಿದು ಬಂದು ಅಡುಗೆ ಮಾಡಿ, ಪಾತ್ರೆ ತಿಕ್ಕಿ, ಮತ್ತೆ ಹತ್ತಿ ಹೋಗುತ್ತಿದ್ದಳು. ಮಗಳು ಜ್ವರದಲ್ಲಿ ಚಿಗವ್ವಾ ಚಿಗವ್ವಾ ಎಂದು ಕನವರಿಸಿದಳು. ಹಣೆಗೆ ಒದ್ದೆ ಬಟ್ಟೆ ಹಾಕಲು ಆಕೆ ಬಂದರೆ ನಾನು ಮಗಳನ್ನು ಅಪ್ಪಿಕೊಂಡು ಗೋಡೆಯ ಕಡೆ ಹೊರಳಿದೆ.

"ಆಕಿ ಮುಟ್ಟಿದ್ರ ಮತ್ತ ಜ್ವರ ಬರತಾವ," ಎಂದು ಮಗಳ ಕಿವಿಯಲ್ಲಿ ಹೇಳಿದೆ.

ಮಗಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ನಿನಗ ಮೊದಲ ಬಂದಿತ್ತಲ್ಲವ್ವಾ," ಎಂದಳು.

ನಾನು ಆಕೆಯ ಬಾಯಿಯ ಮೇಲೆ ಕೈ ಇಟ್ಟೆ.

ಎಲ್ಲರೂ ಎದ್ದರು. ಅತ್ತೆಯ ಕೆಮ್ಮು ಮಾತ್ರ ಹೋಳಿ ಹುಣ್ಣಿಮೆ ದಾಟಿದರೂ ಹೋಗಲಿಲ್ಲ. ಪ್ರತಿ ಸಲ ಕೆಮ್ಮಿದಾಗಲೂ ಅವರು ಸಣ್ಣ ಸೊಸೆಯ ಕಡೆ ನೋಡುತ್ತಿದ್ದರು. ಮೊದಲು ಕಟ್ಟೆಯ ಮೇಲೆ ಹೊಗಳುತ್ತಿದ್ದವರು ಈಗ ಅದೇ ಕಟ್ಟೆಯ ಮೇಲೆ ಬಸ್ಸಿನ ಸುದ್ದಿ ಹೇಳತೊಡಗಿದರು. ಯುಗಾದಿ ಆದ ಮೇಲೆ ಮೈದುನ ಧಾರವಾಡದಲ್ಲಿ ಬಾಡಿಗೆ ಮನೆ ನೋಡಿದ. ಹೆಂಡತಿಗೆ ಬಸ್ಸಿನ ತ್ರಾಸು ಎಂದು ಕಾರಣ ಹೇಳಿದ. ಒಂದೇ ತಾಟಿನಲ್ಲಿ ತಿಂದವರು ಬೇರೆಯಾದರು. ಗ್ಯಾಸಿನ ಸಿಲಿಂಡರು, ಎರಡು ಟ್ರಂಕು, ಒಂದು ಕಪಾಟು ಟೆಂಪೋದಲ್ಲಿ ಹೋದವು.

ಗೆದ್ದೆ. ಮಗಳು ಪೂರ್ತಿ ನನ್ನವಳು. ಜಡೆಯೂ ನಾನೇ, ಸ್ನಾನವೂ ನಾನೇ. ಮರುದಿನ ಮುಂಜಾನೆ ಮುಟಗಿ ಕಟ್ಟಿ, ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಮುರಿದು, ಊದಲು ಬಾಯಿ ಹತ್ತಿರ ತಂದೆ. ಮಗಳು ತುತ್ತಿನ ಮೇಲೆ ಅಂಗೈ ಮುಚ್ಚಿದಳು.

"ಬ್ಯಾಡ. ನಾನ ಊದಕೋತೇನಿ."

ತುತ್ತನ್ನು ಆಕೆಯ ಕೈಗೆ ಕೊಟ್ಟೆ. ಆಮೇಲೆ ಕೇಳಿದೆ. "ಅರಿಶಿಣ ಹಾಲಿಂದು ಚಿಗವ್ವನ ಮುಂದ ಹೇಳಿದ್ಯಾ?"

"ಹ್ಞೂ. ಆಗನ ಹೇಳೇನಿ, ಜ್ವರ ಇದ್ದಾಗ."

"ಏನಂದ್ಲು?"

ಮಗಳು ತುತ್ತನ್ನು ಊದಿಕೊಂಡು, ತಿಂದು, ನಿಧಾನವಾಗಿ ಹೇಳಿದಳು. "ಅಜ್ಜಿ ಮುಂದ ಹೇಳಬ್ಯಾಡ ಅಂದ್ಲು. ಅವ್ವಗ ಎಲ್ಲಾರೂ ಬೈತಾರ, ಪಾಪ ಅಂದ್ಲು."

ಪಾಪ ಎಂಬ ಆ ಒಂದು ಮಾತಿಗೆ ನನ್ನ ಮೈ ಉರಿದುಹೋಯಿತು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಜಗಳಕ್ಕೆ ನಿಂತಿದ್ದರೆ ನಾನೂ ಸೆರಗು ಕಟ್ಟಿ ನಿಲ್ಲುತ್ತಿದ್ದೆ. ಎಲ್ಲ ಗೊತ್ತಿದ್ದೂ ಆಕೆ ಅತ್ತೆಯ ಮಾತು ಕೇಳಿಸಿಕೊಂಡಳು, ಮೇಲೆ ಹೋಗಿ ಮಲಗಿದಳು, ಸಾಮಾನು ಕಟ್ಟಿಕೊಂಡು ಮನೆ ಬಿಟ್ಟಳು. ಆಕೆಯ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅತ್ತೆಗೆ ಹೇಳಬೇಕು ಎಂದು ಅಂದೇ ಅನಿಸಿತು. ಇವತ್ತು ಬೇಡ, ನಾಳೆ ಎಂದೆ. ಹಾಗೆನ್ನುತ್ತ ನಾಲ್ಕು ವರ್ಷ ಹೋದವು. ಮೈದುನ, ನೆಗೆಣ್ಣಿ ಹಬ್ಬಕ್ಕೆ ಬಂದು ಊಟ ಮಾಡಿ ಸಂಜೆಗೆ ತಿರುಗಿ ಹೋಗುತ್ತಿದ್ದರು, ಬೀಗರ ಹಾಗೆ. ಮಗಳು ನನ್ನ ಮೊಬೈಲಿನಲ್ಲಿ ಚಿಗವ್ವನ ಜೊತೆ ಗಣಿತ ಕೇಳುವುದನ್ನು ಮಾತ್ರ ಬಿಡಲಿಲ್ಲ. ನನ್ನ ಹತ್ತಿರ ಕೇಳುತ್ತಿದ್ದದ್ದು ಊಟ, ಬಟ್ಟೆ.

ಈ ಚಳಿಗಾಲದಲ್ಲಿ ಓಣಿಯಲ್ಲಿ ಮತ್ತೆ ಕೆಮ್ಮು ಶುರುವಾಯಿತು. ಇನ್ನೊಂದು ಹೊಸ ತಳಿ ಎಂದರು. ಈಗ ಅದರ ಹೆಸರು ಕೇಳುವ ಉಮೇದೂ ಯಾರಿಗೂ ಉಳಿದಿಲ್ಲ. ಒಂದು ಮುಂಜಾನೆ ಎದ್ದರೆ ಗಂಟಲಲ್ಲಿ ಅದೇ ಕೆರೆತ. ಮುಖ ತೊಳೆಯುವ ಮೊದಲು ಮಾಸ್ಕು ಹುಡುಕಿ ಹಾಕಿಕೊಂಡೆ. ಅತ್ತೆ ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಆ ಕೆಮ್ಮಿನ ನಂತರ ಅವರು ಮೊದಲಿನ ಹಾಗಿಲ್ಲ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ನಾನು ಬಾಗಿಲಾಚೆಯೇ ನಿಂತೆ.

"ಅತ್ತೀ, ನನ್ನ ಗಂಟ್ಲ ಕೆರೀತೈತಿ. ನಾ ಮ್ಯಾಲ ಹೊಕ್ಕೇನಿ. ಹುಡುಗಿಗೂ ಹತ್ತಿರಬೇಕು, ಆಕಿನ್ನ ನಿಮ್ಮ ಹತ್ರ ಬಿಟ್ಟುಕೋಬ್ಯಾಡ್ರಿ."

"ಆತು," ಎಂದರು.

"ಆ ಸಲನೂ ಮೊದಲ ನನಗ ಬಂದಿತ್ರಿ. ಮುಚ್ಚಿಟ್ಟಿದ್ದೆ. ಆಕಿ ತಂದಿದ್ದಲ್ಲ."

ಮೊರದ ಮೇಲಿನ ಕೈ ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ. ಮೊರ ನೋಡುತ್ತಲೇ ಹೇಳಿದರು. "ಎಷ್ಟ ಮಾತಾಡೇನಿ ನಾ ಆಕಿಗೆ." ಮೊರವನ್ನು ಪಕ್ಕಕ್ಕೆ ಸರಿಸಿ, "ಫೋನ್ ಹಚ್ಚು. ಹುಡುಗಿನ್ನ ಕರಕೊಂಡು ಹೋಗು ಅಂತ ನೀನ ಹೇಳು," ಎಂದರು.

ಅದು ನನಗೆ ಕೊಟ್ಟ ಶಿಕ್ಷೆಯೋ, ಬರೀ ಮನೆಯ ವ್ಯವಸ್ಥೆಯೋ ಗೊತ್ತಾಗಲಿಲ್ಲ. ಫೋನ್ ಹಚ್ಚಿದೆ. "ನನಗ ಮತ್ತ ಬಂದಂಗೈತಿ, ಹುಡುಗಿಗೂ ಹತ್ತಿರಬೇಕು. ಆಕಿನ್ನ ನಿನ್ನ ಮನಿಗೆ ಕರಕೊಂಡು ಹೋಗ್ತೀಯೇನ?" ಎಂದೆ. ಹತ್ತು ವರ್ಷದ ಮಗಳನ್ನು ಕೊಡುವಾಗಲೂ, ನಾಲ್ಕೇ ದಿನದ ಮಟ್ಟಿಗೆ ಎಂದು ಎರಡು ಸಲ ಹೇಳಿದೆ.

"ಬರತೇನ್ರಿ ಅಕ್ಕಾರ. ಬ್ಯಾರೆ ಖೋಲಿ ಐತಿ, ಅಲ್ಲೇ ಇರತಾಳ. ನಿಮಗ ಜ್ವರ ಎಷ್ಟೈತ್ರಿ? ಬಿಸಿನೀರ ಕುಡೀರಿ," ಎಂದಳು. ನನ್ನ ಬಗ್ಗೆ ಕೇಳದಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು.

ಒಂದು ತಾಸಿನಲ್ಲಿ ಸ್ಕೂಟಿ ಬಂತು. ನಾನು ಆಗಲೇ ಮೇಲಿನ ಖೋಲಿಯ ಕಿಟಕಿಯಲ್ಲಿದ್ದೆ. ಮಗಳು ಶಾಲೆಯ ಚೀಲ, ಬಟ್ಟೆಯ ಚೀಲ ಎರಡನ್ನೂ ಹೊತ್ತು, ಮಾಸ್ಕು ಹಾಕಿಕೊಂಡು, ಮದುವೆಗೆ ಹೊರಟವಳ ಉಮೇದಿನಲ್ಲಿ ಓಡಿದಳು. ಅತ್ತೆ ಸೆರಗನ್ನು ಮೂಗಿಗೆ ಹಿಡಿದು ಕಟ್ಟೆಗೆ ಬಂದು ಸಣ್ಣ ಸೊಸೆಗೆ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ನೆಗೆಣ್ಣಿ ತಲೆ ತಗ್ಗಿಸಿ ಕೇಳಿದಳು, ಒಮ್ಮೆ ಕಣ್ಣು ಒರೆಸಿಕೊಂಡಳು. ಅತ್ತೆ ಆಕೆಯ ಕಡೆ ಕೈ ಚಾಚಿ, ಬೇನೆಯ ನೆನಪಾಗಿ, ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡರು. ನಾನು ಈ ಮನೆಗೆ ಬಂದ ಹದಿನಾರು ವರ್ಷದಲ್ಲಿ ನನ್ನ ಕಡೆ ಅವರು ಆ ಅರ್ಧ ಕೈಯನ್ನೂ ಚಾಚಿಲ್ಲ.

ಮಗಳು ಸ್ಕೂಟಿಯ ಹಿಂದೆ ಕೂತು ಚಿಗವ್ವನ ಸೊಂಟ ಹಿಡಿದಳು. ಗಾಡಿ ಚಾಲೂ ಆಯಿತು. ಒಂದು ಸಲ ಮೇಲೆ ನೋಡು, ಒಂದೇ ಸಲ ಎಂದು ನಾನು ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದೆ. ಮಗಳು ಏನೋ ಹೇಳುತ್ತ ನಗುತ್ತಿದ್ದಳು. ನೋಡಲಿಲ್ಲ.

ನೆಗೆಣ್ಣಿ ಗಾಡಿ ಬಂದ್ ಮಾಡಿದಳು. ಹಿಂದಕ್ಕೆ ತಿರುಗಿ ಮಗಳಿಗೆ ಮೆಲ್ಲಗೆ ಏನೋ ಅಂದು, ಕಿಟಕಿಯ ಕಡೆ ಬೆರಳು ತೋರಿಸಿದಳು. ಆಗ ಮಗಳು ತಲೆ ಎತ್ತಿ ನನಗೆ ಕೈ ಬೀಸಿದಳು. ನಾನೂ ಬೀಸಿದೆ. ಅದನ್ನೂ ಆಕೆಯೇ ಹೇಳಿಕೊಡಬೇಕಾಯಿತು.